‘ಬನಿಯನ್’: ಉಡುಪಿನ ಒಂದು ಆಡುಮಾತು – ಅರ್ಥ, ಮೂಲ ಮತ್ತು ತರಗತಿಯ ಬಳಕೆ

1. ಪೀಠಿಕೆ

ಆನೈಮಲೈ ಬೆಟ್ಟಸಾಲಿನ ಉತ್ತರದ ತಪ್ಪಲಿನಲ್ಲಿ ಕೊಯಮತ್ತೂರು ಜಿಲ್ಲೆಯ ಪೊಳ್ಳಾಚಿ ಮತ್ತು ತಿರುಪ್ಪೂರು ಜಿಲ್ಲೆಯ ಉಡುಮಲೈಪೇಟೆಯ ಬಯಲುಗಳು ಹರಡಿಕೊಂಡಿವೆ. ‘ಆನೈಮಲೈ’ ಎಂಬ ಹೆಸರನ್ನು ಕನ್ನಡಿಗನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅದು ಆನೆಯ ಮಲೆ. ತಮಿಳಿನಲ್ಲಿ ‘ಐ’ ಎಂದು ಮುಗಿಯುವ ಎಷ್ಟೋ ಪದಗಳು ಕನ್ನಡದಲ್ಲಿ ‘ಎ’ ಎಂದು ಮುಗಿಯುತ್ತವೆ. ತಲೈ–ತಲೆ, ಇಲೈ–ಎಲೆ, ವಿಲೈ–ಬೆಲೆ, ವಳೈ–ಬಳೆ ಮುಂತಾದವು ಇದಕ್ಕೆ ನಿದರ್ಶನ. ತಮಿಳುನಾಡಿನಲ್ಲಿ ಕನ್ನಡ ಓದುವ ಮಗು ಇಂತಹ ಜೋಡಿಗಳ ನಡುವೆಯೇ ಬೆಳೆಯುತ್ತದೆ. ಈ ಪರಿಚಯವು ಭಾಷಾಪಾಠಕ್ಕೆ ದೊಡ್ಡ ನೆರವು. ಆದರೆ ಕೆಲವೊಮ್ಮೆ ಅದೇ ಪರಿಚಯವು ತಪ್ಪು ಊಹೆಗೂ ದಾರಿಮಾಡಿಕೊಡುತ್ತದೆ. ಈ ಎರಡನ್ನೂ ಒಟ್ಟಿಗೆ ತೋರಿಸಬಲ್ಲ ಒಂದು ಪದವನ್ನು ಈ ಪಾಠದಲ್ಲಿ ಪರಿಶೀಲಿಸೋಣ. ಅದು ‘ಬನಿಯನ್’.

ಈ ಪದವನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಕೊಯಮತ್ತೂರು ಹಾಗೂ ತಿರುಪ್ಪೂರು ಸೀಮೆಯ ದೇವಾಂಗ ನೇಕಾರರ ಅನೇಕ ಮನೆಗಳಲ್ಲಿ ಕನ್ನಡವೇ ಮನೆಮಾತು. ಈರೋಡು ಜಿಲ್ಲೆಯ ತಾಳವಾಡಿ, ಕೃಷ್ಣಗಿರಿ ಜಿಲ್ಲೆಯ ಹೊಸೂರು ಭಾಗಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಈ ಎಲ್ಲ ಪ್ರದೇಶಗಳಿಗೂ ತಿರುಪ್ಪೂರು ದುಡಿಮೆಯ ಊರಾಗಿ ಪರಿಚಿತ. ಹೀಗಿರುವಾಗ ವಿದ್ಯಾರ್ಥಿಯೊಬ್ಬನು ‘ನನ್ನ ಕುಟುಂಬ’ ಎಂಬ ಪ್ರಬಂಧದಲ್ಲಿ ‘ನನ್ನ ಅಪ್ಪ ಪನಿಯನ್ ಕಂಪನಿಯಲ್ಲಿ ಕೆಲಸ ಮಾಡುತ್ತಾರೆ’ ಎಂದು ಬರೆದನೆಂದು ಭಾವಿಸೋಣ. ಶಿಕ್ಷಕರು ಏನು ಮಾಡುವರು? ಅನೇಕರು ‘ಪನಿಯನ್ ಕಂಪನಿ’ ಎಂಬುದನ್ನು ಪೂರ್ತಿಯಾಗಿ ಹೊಡೆದುಹಾಕಿ ‘ಸಿದ್ಧ ಉಡುಪಿನ ಕಾರ್ಖಾನೆ’ ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ಉದ್ದೇಶ ಒಳ್ಳೆಯದೇ. ಆದರೂ ಈ ತಿದ್ದುಪಡಿಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ. ‘ಪ’ ಎಂಬಲ್ಲಿ ‘ಬ’ ಬರಬೇಕೆಂಬುದು ಕಾಗುಣಿತದ ತಿದ್ದುಪಡಿ, ಅದು ಅವಶ್ಯ. ಪದವನ್ನೇ ತೆಗೆದುಹಾಕುವುದು ಮಾತ್ರ ಬೇರೆ ವಿಷಯ. ಅದು ಅವಶ್ಯವೇ ಎಂಬುದನ್ನು ಪದದ ಅರ್ಥವನ್ನೂ ಮೂಲವನ್ನೂ ಅರಿತ ಬಳಿಕವೇ ನಿರ್ಣಯಿಸಬೇಕು.

2. ಪಾಠದ ಉದ್ದೇಶಗಳು

ಈ ಪಾಠವನ್ನು ಓದಿದ ಶಿಕ್ಷಕರು ತಮ್ಮ ತರಗತಿಯಲ್ಲಿ

(ಅ) ‘ಬನಿಯನ್’ ಪದದ ರೂಪಗಳನ್ನೂ ಅರ್ಥಭೇದಗಳನ್ನೂ ವಿವರಿಸಬಲ್ಲವರಾಗಬೇಕು;
(ಆ) ಪದದ ಮೂಲವನ್ನು ಊಹಿಸುವುದಕ್ಕೂ ಪರೀಕ್ಷಿಸುವುದಕ್ಕೂ ಇರುವ ವ್ಯತ್ಯಾಸವನ್ನು ತೋರಿಸಬಲ್ಲವರಾಗಬೇಕು;
(ಇ) ತತ್ಸಮ–ತದ್ಭವಗಳ ವ್ಯಾಕರಣ ಪಾಠಕ್ಕೆ ನಿತ್ಯಜೀವನದ ಉದಾಹರಣೆಯನ್ನು ಒದಗಿಸಬಲ್ಲವರಾಗಬೇಕು;
(ಈ) ಆಡುಮಾತಿನ ಪದ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬ ವಿವೇಕವನ್ನು ಮಕ್ಕಳಲ್ಲಿ ಬೆಳೆಸಬೇಕು.

3. ಪದದ ರೂಪಗಳು

ಕನ್ನಡದಲ್ಲಿ ಈ ಪದವು ಬನಿಯನ್, ಬನಿಯನ್ನು, ಬನೀನ್, ಬನೀನು ಎಂಬ ರೂಪಗಳಲ್ಲಿ ಕೇಳಿಬರುತ್ತದೆ. ವ್ಯಂಜನದಲ್ಲಿ ಮುಗಿಯುವ ಅನ್ಯದೇಶ್ಯ ಪದಕ್ಕೆ ಕೊನೆಯಲ್ಲಿ ಉಕಾರವನ್ನು ಸೇರಿಸಿಕೊಳ್ಳುವುದು ಕನ್ನಡದ ಸ್ವಭಾವ. ಬಸ್ಸು, ಕಾರು, ಷರಟು ಎಂಬಲ್ಲಿಯೂ ಇದನ್ನೇ ಕಾಣುತ್ತೇವೆ. ‘ಬನಿಯನ್’ ಎಂಬುದು ಬಾಯಲ್ಲಿ ಸವೆದು ‘ಬನೀನು’ ಆಯಿತು. ಹಿಂದಿಯಲ್ಲಿ ಇದೇ ಪದವು ‘ಬನಿಯಾನ್’ ಎಂದಿದೆ.

ತಮಿಳು ಲಿಪಿಯಲ್ಲಿ ಪಕಾರ ಬಕಾರಗಳಿಗೆ ಒಂದೇ ಅಕ್ಷರ. ‘ಬಸ್’, ‘ಬಾಟಲ್’, ‘ಬನಿಯನ್’ ಎಂದು ಬಾಯಲ್ಲಿ ಉಚ್ಚರಿಸಿದರೂ ಬರಹದಲ್ಲಿ ಕಾಣುವುದು ಪಕಾರದ ಅಕ್ಷರವೇ. 2006ರ ತಮಿಳು ಕಲಿಕಾ ಕಾಯ್ದೆಯ ತರುವಾಯ ನಮ್ಮ ಮಕ್ಕಳು ಆರಂಭದ ತರಗತಿಗಳಿಂದಲೇ ತಮಿಳು ಲಿಪಿಯನ್ನೂ ಕಲಿಯುತ್ತಿದ್ದಾರೆ. ಅಂಗಡಿಯ ಫಲಕ, ಬಸ್ಸಿನ ಫಲಕ, ಕಾರ್ಖಾನೆಯ ಗೋಡೆ, ಎಲ್ಲೆಡೆಯೂ ಅವರು ನೋಡುವುದು ಆ ಅಕ್ಷರವನ್ನೇ. ಆದುದರಿಂದ ಮಗು ‘ಪನಿಯನ್’ ಎಂದು ಬರೆದಾಗ ಅದು ಅಜಾಗರೂಕತೆಯ ಫಲವಲ್ಲ. ಒಂದು ಲಿಪಿಯ ನಿಯಮವನ್ನು ಇನ್ನೊಂದು ಲಿಪಿಗೆ ನಿಷ್ಠೆಯಿಂದ ಅನ್ವಯಿಸಿದುದರ ಫಲ. ‘ಕನ್ನಡದಲ್ಲಿ ಎರಡು ಧ್ವನಿಗಳಿಗೆ ಎರಡು ಅಕ್ಷರಗಳಿವೆ, ನೀನು ಹೇಗೆ ಉಚ್ಚರಿಸುತ್ತೀಯೋ ಹಾಗೆಯೇ ಬರೆ’ ಎಂದು ಹೇಳಿ, ಮಗುವಿನಿಂದಲೇ ಪದವನ್ನು ಗಟ್ಟಿಯಾಗಿ ಹೇಳಿಸಿದರೆ ತಿದ್ದುಪಡಿ ತಾನಾಗಿ ಆಗುತ್ತದೆ.

4. ಇಂದಿನ ಅರ್ಥಗಳು

ಮೊದಲನೆಯದಾಗಿ, ಅಂಗಿಯ ಒಳಗೆ ಮೈಗೆ ಅಂಟಿದಂತೆ ಧರಿಸುವ ಹತ್ತಿಯ ಉಡುಪು ಬನಿಯನ್. ಗ್ರಂಥಸ್ಥ ಭಾಷೆಯಲ್ಲಿ ಇದನ್ನು ‘ಒಳಅಂಗಿ’ ಎನ್ನಬಹುದು. ಆದರೆ ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಆ ಪದವನ್ನು ಆಡುವವರು ವಿರಳ.

ಎರಡನೆಯದಾಗಿ, ತಿರುಪ್ಪೂರಿನ ಮಾತಿನಲ್ಲಿ ಈ ಪದದ ವ್ಯಾಪ್ತಿ ಹಿಗ್ಗಿದೆ. ಅಲ್ಲಿ ‘ಬನಿಯನ್ ಬಟ್ಟೆ’ ಎಂದರೆ ಯಂತ್ರದಲ್ಲಿ ಹೆಣೆದ, ಎಳೆದರೆ ಹಿಗ್ಗುವ ಯಾವುದೇ ಬಟ್ಟೆ. ‘ಬನಿಯನ್ ಕಂಪನಿ’ ಎಂದರೆ ಅಂತಹ ಬಟ್ಟೆಯಿಂದ ಉಡುಪು ತಯಾರಿಸುವ ಕಾರ್ಖಾನೆ. ಅಲ್ಲಿ ಹೊಲಿಯುವುದು ಟೀ ಷರಟಾಗಿರಲಿ, ಮಕ್ಕಳ ಉಡುಪಾಗಿರಲಿ, ಕಾರ್ಖಾನೆಯ ಹೆಸರು ಮಾತ್ರ ಬನಿಯನ್ ಕಂಪನಿಯೇ. ಕತ್ತರಿಸಿದ ಬಟ್ಟೆಯ ಉಳಿಕೆಗೆ ‘ಬನಿಯನ್ ವೇಸ್ಟ್’ ಎಂದು ಹೆಸರು. ಗಾಡಿ ದುರಸ್ತಿಯ ಅಂಗಡಿಗಳಲ್ಲಿ ಎಣ್ಣೆ ಒರೆಸಲು ಬಳಸುವುದು ಇದನ್ನೇ. ಒಂದು ಪದವು ಒಂದು ವಸ್ತುವಿನ ಹೆಸರಾಗಿದ್ದುದು ಆ ಜಾತಿಯ ವಸ್ತುಗಳಿಗೆಲ್ಲ ಹೆಸರಾಗುವುದನ್ನು ಭಾಷಾಶಾಸ್ತ್ರದಲ್ಲಿ ಅರ್ಥವಿಸ್ತಾರ ಎನ್ನುತ್ತಾರೆ. ‘ಎಣ್ಣೆ’ ಎಂಬುದು ಎಳ್ಳಿನ ನೆಯ್ ಎಂಬ ಅರ್ಥದಿಂದ ಹೊರಟು ಕಡಲೆಕಾಯಿಯ ಎಣ್ಣೆ, ಕೊಬ್ಬರಿ ಎಣ್ಣೆಗಳಿಗೂ ಸಂದುದನ್ನು ನೆನೆದರೆ ಮಕ್ಕಳಿಗೆ ಈ ಪರಿಭಾಷೆ ಸುಲಭವಾಗಿ ತಿಳಿಯುತ್ತದೆ.

‘ಸಿದ್ಧ ಉಡುಪಿನ ಕಾರ್ಖಾನೆ’ ಎಂಬ ತಿದ್ದುಪಡಿಯಲ್ಲಿ ಏನು ಕಳೆದುಹೋಯಿತೆಂಬುದು ಇಲ್ಲಿ ಗೊತ್ತಾಗುತ್ತದೆ. ನೇಯ್ದ ಬಟ್ಟೆಯಿಂದ ಷರಟು ಹೊಲಿಯುವ ಕಾರ್ಖಾನೆಯೂ ಸಿದ್ಧ ಉಡುಪಿನ ಕಾರ್ಖಾನೆಯೇ. ಹೆಣೆದ ಬಟ್ಟೆಯ ಕಾರ್ಖಾನೆಯನ್ನು ಪ್ರತ್ಯೇಕಿಸಿ ಹೇಳುವ ಶಕ್ತಿ ಮಗುವಿನ ಪದಕ್ಕಿದೆ, ಶಿಕ್ಷಕರ ಪದಕ್ಕಿಲ್ಲ.

5. ನೇಯ್ಗೆ ಮತ್ತು ಹೆಣಿಗೆ

ಪದವನ್ನು ಅರಿಯಲು ವಸ್ತುವನ್ನೂ ಅರಿಯಬೇಕು. ಮಗ್ಗದ ನೇಯ್ಗೆಯಲ್ಲಿ ಉದ್ದನೆಯ ಎಳೆಗಳು ಹಾಸು. ಅಡ್ಡಲಾಗಿ ಲಾಳಿಯು ಒಯ್ಯುವ ಎಳೆ ಹೊಕ್ಕು. ಇವೆರಡೂ ಒಂದರ ಮೇಲೊಂದು, ಒಂದರ ಕೆಳಗೊಂದು ಸಾಗುವುದರಿಂದ ಬಟ್ಟೆ ಬಿಗಿಯಾಗಿ ನಿಲ್ಲುತ್ತದೆ. ‘ಹಾಸುಹೊಕ್ಕು’ ಎಂಬ ನಮ್ಮ ನುಡಿಗಟ್ಟು ಬಂದುದು ಇಲ್ಲಿಂದಲೇ. ಹಳಗನ್ನಡದ ‘ಪಾಸು’ ಎಂಬುದೇ ಇಂದಿನ ‘ಹಾಸು’. ತಮಿಳು ನೇಕಾರರು ಹಾಸನ್ನು ‘ಪಾವು’ ಎನ್ನುತ್ತಾರೆ.

ಬನಿಯನ್ ಬಟ್ಟೆಯಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಒಂದು ನೂಲು ಸೂಜಿಗಳ ಕೊಕ್ಕೆಯಲ್ಲಿ ಸಿಕ್ಕು ಕುಣಿಕೆಯಾಗುತ್ತದೆ. ಆ ಕುಣಿಕೆಯೊಳಗಿನಿಂದ ಮುಂದಿನ ಸಾಲಿನ ಕುಣಿಕೆ ಹೊರಬರುತ್ತದೆ. ಇದು ಹೆಣಿಗೆ. ವೃತ್ತಾಕಾರದ ಯಂತ್ರದಲ್ಲಿ ಸೂಜಿಗಳು ಸುತ್ತಲೂ ಇರುವುದರಿಂದ ಬಟ್ಟೆ ಕೊಳವೆಯಂತೆ ಇಳಿಯುತ್ತದೆ. ಎಳೆದಾಗ ಕುಣಿಕೆಗಳು ಅಗಲವಾಗುತ್ತವೆ, ಬಿಟ್ಟಾಗ ಮೊದಲಿನಂತಾಗುತ್ತವೆ. ಬನಿಯನ್ ಮೈಗೆ ಹೊಂದಿಕೊಳ್ಳುವುದಕ್ಕೆ ಇದೇ ಕಾರಣ.

ಭಾರತದಲ್ಲಿ ಈ ಉದ್ಯಮ ಬೇರೂರಿದುದು 19ನೆಯ ಶತಮಾನದ ಕೊನೆಯಲ್ಲಿ, ಮೊದಲು ಕೊಲ್ಕತ್ತದಲ್ಲಿ. ನೊಯ್ಯಲ್ ನದಿಯ ದಡದ ತಿರುಪ್ಪೂರಿಗೆ ಅದು ಸುಮಾರು 1925ರ ಹೊತ್ತಿಗೆ ಬಂದಿತು. ಆಗ ತಿರುಪ್ಪೂರು ಹತ್ತಿಯ ಪೇಟೆಯಾಗಿಯೂ ಖಾದಿಯ ಕೇಂದ್ರವಾಗಿಯೂ ಹೆಸರಾಗಿತ್ತು. 1932ರ ಜನವರಿಯಲ್ಲಿ ರಾಷ್ಟ್ರಧ್ವಜವನ್ನು ಕೈಬಿಡದೆ ಲಾಠಿಯ ಏಟಿಗೆ ಬಲಿಯಾದ ತಿರುಪ್ಪೂರು ಕುಮಾರನ್ ಅವರ ಊರು ಇದೇ. ಕೊಯಮತ್ತೂರಿನ ಗಿರಣಿಗಳ ನೂಲು ಹತ್ತಿರದಲ್ಲೇ ದೊರೆಯುತ್ತಿದ್ದುದರಿಂದ ಹೆಣಿಗೆ ಇಲ್ಲಿ ಬೆಳೆಯಿತು. 1970ರ ದಶಕದ ಕೊನೆಯಿಂದ ಹೊರದೇಶಗಳಿಗೆ ರಫ್ತು ಹೆಚ್ಚಿತು. 2009ರಲ್ಲಿ ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾಯಿತು. ಇಂದು ಉತ್ತರ ಭಾರತದಿಂದ ಬಂದ ಕಾರ್ಮಿಕನೂ ತಮಿಳು ಕಾರ್ಮಿಕನೂ ಕನ್ನಡಿಗನೂ ಪರಸ್ಪರ ತಿಳಿಯದ ಭಾಷೆಗಳ ನಡುವೆ ತಿಳಿದುಕೊಳ್ಳುವ ಮೊದಲ ಪದ ಪ್ರಾಯಶಃ ‘ಬನಿಯನ್’ ಎಂಬುದೇ ಆಗಿರಬಹುದು.

6. ಮೂಲ: ಊಹೆ ಮತ್ತು ಪರೀಕ್ಷೆ

ಈ ಪದ ಎಲ್ಲಿಂದ ಬಂದಿತೆಂದು ತರಗತಿಯಲ್ಲಿ ಕೇಳಿದರೆ ತಮಿಳು ಬಲ್ಲ ಮಗು ಒಂದು ಜಾಣ ಉತ್ತರವನ್ನು ಕೊಡಬಹುದು: ‘ತಮಿಳಿನಲ್ಲಿ ಪನಿ ಎಂದರೆ ಮಂಜು, ಚಳಿ. ಚಳಿಯಿಂದ ಕಾಪಾಡುವುದು ಪನಿಯನ್.’ ಇಂತಹ ಉತ್ತರವನ್ನು ಕೂಡಲೇ ಅಲ್ಲಗಳೆಯಬಾರದು. ಅದನ್ನು ಪರೀಕ್ಷೆಗೆ ಒಡ್ಡುವುದೇ ಒಳ್ಳೆಯ ಪಾಠ.

ಮೊದಲ ಪರೀಕ್ಷೆ ಧ್ವನಿಯದು. ತಮಿಳಿನ ಪಕಾರಾದಿ ದೇಶ್ಯ ಪದಗಳಿಗೆ ಹೊಸಗನ್ನಡದಲ್ಲಿ ಸಾಮಾನ್ಯವಾಗಿ ಹಕಾರವಿರುತ್ತದೆ: ಪಾಲ್–ಹಾಲು, ಪಲ್–ಹಲ್ಲು, ಪತ್ತು–ಹತ್ತು, ಪೂ–ಹೂ. ಹತ್ತಿಯ ಸೀಮೆಗೆ ಸೇರಿದ ಪದಗಳಲ್ಲಿಯೂ ಇದೇ ನಿಯಮ: ಪರುತ್ತಿ–ಹತ್ತಿ, ಪಂಜು–ಹಂಜಿ. ತಮಿಳಿನ ‘ಪನಿ’ಗೆ ನೆಂಟನಾದ ಹಳಗನ್ನಡದ ‘ಪನಿ’ಯೂ ಇಂದು ‘ಹನಿ’ಯಾಗಿದೆ. ನಮ್ಮ ಉಡುಪಿನ ಪದವು ಈ ಬಳಗದ ಹಳೆಯ ದೇಶ್ಯ ಪದವಾಗಿದ್ದರೆ ಕನ್ನಡದಲ್ಲಿ ಅದು ‘ಹನಿ’ ಎಂದು ತೊಡಗಬೇಕಾಗಿತ್ತು, ಹಾಗೆ ಆಗಿಲ್ಲ.

ಎರಡನೆಯ ಪರೀಕ್ಷೆ ವ್ಯಾಪ್ತಿಯದು. ‘ಪನಿ’ ಎಂಬ ಪದವನ್ನೇ ಅರಿಯದ ಹಿಂದಿಯಲ್ಲಿಯೂ ಉಡುಪಿಗೆ ‘ಬನಿಯಾನ್’ ಎಂದು ಹೆಸರಿದೆ. ಅಲ್ಲಿಯೂ ಬಕಾರವೇ ಇದೆ. ಆದುದರಿಂದ ಬಕಾರವೇ ಮೂಲ; ತಮಿಳಿನ ಪಕಾರವು ಲಿಪಿಯಲ್ಲಿ ಮಾತ್ರ ಇದೆ.

ಮೂರನೆಯ ಪರೀಕ್ಷೆ ವಸ್ತುವಿನದು. ಬನಿಯನ್ ಚಳಿಗೆ ಧರಿಸುವ ಉಡುಪಲ್ಲ. ಬೇಸಗೆಯಲ್ಲಿ ಬೆವರನ್ನು ಹೀರಿಕೊಳ್ಳಲೆಂದು ಧರಿಸುವವರೇ ಹೆಚ್ಚು.

ಹೀಗೆ ಕೇಳಿದ ಪದಕ್ಕೆ ತಿಳಿದ ಪದದಿಂದ ಅರ್ಥ ಹಚ್ಚುವುದನ್ನು ಜಾನಪದ ನಿಷ್ಪತ್ತಿ ಎನ್ನಬಹುದು. ಇದು ಅಜ್ಞಾನದ ಗುರುತಲ್ಲ. ಭಾಷೆಯ ಬಗ್ಗೆ ಮಗು ಯೋಚಿಸುತ್ತಿದೆ ಎಂಬುದರ ಗುರುತು. ‘ಆನೈಮಲೈ ಎಂದರೆ ಆನೆಮಲೆ’ ಎಂದು ಹೇಳಿದ ಬುದ್ಧಿಯೇ ಇಲ್ಲಿ ‘ಪನಿಯನ್ ಎಂದರೆ ಚಳಿಯ ಉಡುಪು’ ಎಂದು ಹೇಳಿದೆ. ಅಲ್ಲಿ ಊಹೆ ಪರೀಕ್ಷೆಗೆ ನಿಂತಿತು, ಇಲ್ಲಿ ನಿಲ್ಲಲಿಲ್ಲ.

7. ಪದ ಸಾಗಿಬಂದ ದಾರಿ

‘ಬನಿಯನ್’ ಪದದ ಬೇರು ಉಡುಪಿನಲ್ಲಿಲ್ಲ, ವ್ಯಾಪಾರದಲ್ಲಿದೆ. ಸಂಸ್ಕೃತದಲ್ಲಿ ‘ವಣಿಜ್’ ಎಂದರೆ ವರ್ತಕ. ಗುಜರಾತಿನಲ್ಲಿ ಈ ಪದವು ‘ವಾಣಿಯೊ’ ಎಂದೂ ಹಿಂದಿಯಲ್ಲಿ ‘ಬನಿಯಾ’ ಎಂದೂ ಬೆಳೆಯಿತು. ಗುಜರಾತಿನ ವರ್ತಕರು ಪಶ್ಚಿಮ ಸಮುದ್ರದ ಬಂದರುಗಳಲ್ಲೆಲ್ಲ ವ್ಯಾಪಾರ ಮಾಡುತ್ತಿದ್ದರು. ಅರಬಿಯಲ್ಲಿ ಅವರು ‘ಬನ್ಯಾನ್’ ಎನಿಸಿಕೊಂಡರು. 1498ರಲ್ಲಿ ವಾಸ್ಕೊ ಡ ಗಾಮನು ಕಲ್ಲಿಕೋಟೆಯ ಬಳಿ ಇಳಿದ ಮೇಲೆ ಪೋರ್ಚುಗೀಸರಿಗೂ ಈ ವರ್ತಕರ ಪರಿಚಯವಾಯಿತು. ಅವರ ಬರಹಗಳಲ್ಲಿ ಪದವು ‘ಬನಿಯಾನೆ’ ಎಂಬಂತಹ ರೂಪವನ್ನು ತಳೆಯಿತು. 17ನೆಯ ಶತಮಾನದಲ್ಲಿ ಸೂರತ್ತಿಗೆ ಬಂದ ಇಂಗ್ಲಿಷರು ಅದನ್ನು ‘ಬನ್ಯನ್’ ಎಂದು ಎತ್ತಿಕೊಂಡರು.

ಪದದ ರೂಪವೇ ಈ ದಾರಿಗೆ ಸಾಕ್ಷಿಯಾಗಿದೆ. ‘ವಣಿಜ್’, ‘ವಾಣಿಯೊ’ ಎಂಬಲ್ಲಿ ಮೂರ್ಧನ್ಯವಾದ ಣಕಾರವಿದೆ. ಅರಬಿ, ಪೋರ್ಚುಗೀಸ್, ಇಂಗ್ಲಿಷ್ ಭಾಷೆಗಳಲ್ಲಿ ಣಕಾರವಿಲ್ಲ. ಆದುದರಿಂದ ಪದವು ನಕಾರದೊಡನೆ ಮರಳಿತು. ಗುಜರಾತಿ ರೂಪದ ಕೊನೆಯಲ್ಲಿ ಇಲ್ಲದ ‘ನ್’ ಕೂಡ ಅರಬಿ, ಪೋರ್ಚುಗೀಸ್ ರೂಪಗಳಲ್ಲಿಯೇ ಕಾಣಿಸಿಕೊಳ್ಳುತ್ತದೆ.

ವರ್ತಕನ ಹೆಸರು ಉಡುಪಿಗೆ ಹೇಗೆ ಬಂದಿತು? ಆ ವರ್ತಕರು ಧರಿಸುತ್ತಿದ್ದ ಸಡಿಲವಾದ ಹಗುರ ಉಡುಪನ್ನು ಹೋಲುವ ಉಡುಪಿಗೆ ಐರೋಪ್ಯರು ಅವರ ಹೆಸರನ್ನೇ ಇಟ್ಟರು. 18ನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿಯೂ ಅಮೆರಿಕದ ವಸಾಹತುಗಳಲ್ಲಿಯೂ ಸಿರಿವಂತ ಗಂಡಸರು ಮನೆಯಲ್ಲಿ ವಿಶ್ರಾಂತಿಯ ವೇಳೆ ತೊಡುತ್ತಿದ್ದ ಉದ್ದನೆಯ ನಿಲುವಂಗಿಗೆ ‘ಬನ್ಯನ್’ ಎಂದು ಹೆಸರಿತ್ತು. ಭಾರತದ ಚೀಟಿ ಬಟ್ಟೆಯಿಂದಲೂ ರೇಷ್ಮೆಯಿಂದಲೂ ಅದನ್ನು ಹೊಲಿಸುತ್ತಿದ್ದರು. ಅದರ ಆಕಾರದಲ್ಲಿ ಜಪಾನಿನ ಕಿಮೋನೊ ಉಡುಪಿನ ಪ್ರಭಾವವೂ ಇತ್ತು. ಭಾರತದಲ್ಲಿದ್ದ ಆಂಗ್ಲರ ಮಾತಿನಲ್ಲಿ ಅದೇ ಪದವು ತೆಳು ಬಟ್ಟೆಯ ಒಳಉಡುಪನ್ನು ಸೂಚಿಸತೊಡಗಿತು. 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಎಂಬ ಕೋಶವನ್ನು ಹೆನ್ರಿ ಯೂಲ್ ಅವರೂ ಮದ್ರಾಸ್ ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ಎ. ಸಿ. ಬರ್ನೆಲ್ ಅವರೂ ಸಿದ್ಧಪಡಿಸಿದರು. ಮೊದಲು ಮಸ್ಲಿನ್ ಬಟ್ಟೆಯದಾಗಿದ್ದ ಈ ಒಳಉಡುಪು ತಮ್ಮ ಕಾಲಕ್ಕೆ ಹಿಗ್ಗುವ ಬಟ್ಟೆಯದಾಗಿದೆ ಎಂಬ ಅರ್ಥವನ್ನು ಅವರು ಅದರಲ್ಲಿ ದಾಖಲಿಸಿದ್ದಾರೆ. ಅಂದರೆ ತಿರುಪ್ಪೂರಿನಲ್ಲಿ ಮೊದಲ ಹೆಣಿಗೆ ಯಂತ್ರ ತಿರುಗುವುದಕ್ಕೆ ಸುಮಾರು ನಾಲ್ಕು ದಶಕಗಳ ಮೊದಲೇ ಪದವು ಇಂದಿನ ಅರ್ಥವನ್ನು ಪಡೆದುಕೊಂಡಿತ್ತು.

ಅದೇ ಹೆಸರು ಮರಕ್ಕೂ ಬಂದಿತು. ಪರ್ಷಿಯಾದ ಬಂದರ್ ಅಬ್ಬಾಸಿನ ಬಳಿ ಆಲದ ಮರವೊಂದರ ನೆರಳಿನಲ್ಲಿ ಈ ವರ್ತಕರು ಸೇರುತ್ತಿದ್ದುದನ್ನು ಕಂಡ ಐರೋಪ್ಯ ಪ್ರವಾಸಿಗಳು ಅದನ್ನು ಬನಿಯರ ಮರವೆಂದರು. ಇಂಗ್ಲಿಷಿನಲ್ಲಿ ಆಲಕ್ಕೆ ಇಂದಿಗೂ ‘ಬ್ಯಾನಿಯನ್’ ಎಂದೇ ಹೆಸರು. ನಮ್ಮ ಮಕ್ಕಳು ಇಂಗ್ಲಿಷ್ ಪಾಠದಲ್ಲಿ ಕಲಿಯುವ ಮರದ ಹೆಸರೂ ಅವರ ಮೈಮೇಲಿನ ಉಡುಪಿನ ಹೆಸರೂ ಒಂದೇ ಬೇರಿನವು.

8. ಕನ್ನಡದಲ್ಲಿರುವ ನೆಂಟ: ಬಣಜಿಗ

ಪಾಠದ ಮುಖ್ಯ ಭಾಗ ಇದು. ‘ವಣಿಜ್’ ಎಂಬ ಪದವು ಕಡಲು ಸುತ್ತಿ ಕನ್ನಡಕ್ಕೆ ಬರುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ನೆಲದ ದಾರಿಯಿಂದ ಕನ್ನಡವನ್ನು ಸೇರಿತ್ತು. ವರ್ತಕ ಎಂಬ ಅರ್ಥದ ‘ಬಣಂಜಿಗ’, ‘ಬಣಜಿಗ’ ಎಂಬ ಪದಗಳೂ ವ್ಯಾಪಾರ ಎಂಬ ಅರ್ಥದ ‘ಬಣಂಜು’ ಎಂಬ ಪದವೂ ಇದರಿಂದ ಹುಟ್ಟಿದ ತದ್ಭವಗಳು. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರಿನಿಂದ ಪ್ರಸಿದ್ಧವಾದ ‘ಅಯ್ಯಾವೊಳೆಯ ಐನೂರ್ವರು’ ಎಂಬ ವರ್ತಕ ಸಂಘದ ಶಾಸನಗಳಲ್ಲಿ ‘ವೀರಬಣಂಜು ಧರ್ಮ’ ಎಂಬ ಮಾತು ಬರುತ್ತದೆ. ಈ ಸಂಘದವರ ಶಾಸನಗಳು ಕನ್ನಡ ನಾಡಿನಲ್ಲಿಯೂ ತಮಿಳು ನಾಡಿನಲ್ಲಿಯೂ ದೊರೆತಿವೆ. ಸುಮಾತ್ರಾ ದ್ವೀಪದ ಬಾರೂಸ್ ಬಳಿ ಸಿಕ್ಕಿರುವ 1088ರ ತಮಿಳು ಶಾಸನವೊಂದರಲ್ಲಿಯೂ ಐನೂರ್ವರ ಉಲ್ಲೇಖವಿದೆ. ತಮಿಳಿನ ‘ವಣಿಗರ್’, ‘ವಾಣಿಗಂ’ ಎಂಬ ಪದಗಳೂ ಇದೇ ಮೂಲದವು.

ಆದುದರಿಂದ ‘ಬನಿಯನ್’ ಮತ್ತು ‘ಬಣಜಿಗ’ ಒಂದೇ ಬೇರಿನ ಎರಡು ಕುಡಿಗಳು. ಒಂದು ಕನ್ನಡದ ಮನೆಯಲ್ಲೇ ಬೆಳೆಯಿತು, ಣಕಾರವನ್ನು ಉಳಿಸಿಕೊಂಡಿತು. ಇನ್ನೊಂದು ದೇಶಾಂತರ ಹೋಗಿ, ಅಲ್ಲಿನ ಉಚ್ಚಾರಣೆಯನ್ನೂ ಹೊಸ ಅರ್ಥವನ್ನೂ ತೊಟ್ಟು ಮರಳಿತು.

ಇಲ್ಲಿಂದ ವ್ಯಾಕರಣ ಪಾಠಕ್ಕೆ ಹೋಗುವುದು ಸುಲಭ. ಸಂಸ್ಕೃತ ಪದದ ಆದಿಯ ವಕಾರವು ತದ್ಭವದಲ್ಲಿ ಬಕಾರವಾಗುವುದು ವ್ಯಾಪಕವಾದ ನಿಯಮ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ಇಂತಹ ಮಾರ್ಪಾಡುಗಳನ್ನು ನಿರೂಪಿಸಿದ್ದಾನೆ. ಕಪ್ಪುಹಲಗೆಯ ಮೇಲೆ ಈ ಜೋಡಿಗಳನ್ನು ಬರೆಯಬಹುದು:

ವನ – ಬನ
ವರ್ಣ – ಬಣ್ಣ
ವಸತಿ – ಬಸದಿ
ವಜ್ರ – ಬಜ್ಜರ
ವ್ಯವಸಾಯ – ಬೇಸಾಯ
ವಣಿಜ್ – ಬಣಜಿಗ

ಇದರ ಪಕ್ಕದಲ್ಲಿ ತಮಿಳು–ಕನ್ನಡ ಜೋಡಿಗಳನ್ನೂ ಬರೆಯಿರಿ: ವಾಯ್–ಬಾಯಿ, ವೇರ್–ಬೇರು, ವಿಲ್–ಬಿಲ್ಲು, ವಿರಲ್–ಬೆರಳು, ವಳೈ–ಬಳೆ. ಎರಡೂ ಪಟ್ಟಿಗಳಲ್ಲಿ ವಕಾರದೆದುರು ಬಕಾರವಿದ್ದರೂ ಅವು ಬೇರೆ ಬೇರೆ ಸಂಬಂಧಗಳು. ಮೊದಲ ಪಟ್ಟಿ ಸಂಸ್ಕೃತದಿಂದ ಪಡೆದ ಪದಗಳದು. ಎರಡನೆಯದು ಒಂದೇ ದ್ರಾವಿಡ ಕುಟುಂಬದ ಸೋದರ ಪದಗಳದು. ಈ ಭೇದವನ್ನು ಶಿಕ್ಷಕರು ಸ್ಪಷ್ಟಪಡಿಸಬೇಕು. ಎರಡನೆಯ ಪಟ್ಟಿಗೆ ಇನ್ನಷ್ಟು ಉದಾಹರಣೆಗಳನ್ನು ಹುಡುಕುವುದರಲ್ಲಿ ತಮಿಳುನಾಡಿನ ಕನ್ನಡ ಮಗುವಿಗೆ ಬೆಂಗಳೂರಿನ ಮಗುವಿಗಿಂತ ಹೆಚ್ಚು ಅನುಕೂಲವಿದೆ ಎಂಬುದನ್ನೂ ಹೇಳಬೇಕು. ಎರಡು ಭಾಷೆಗಳ ನಡುವೆ ಬದುಕುವುದು ಕೊರತೆಯೆಂದು ಕೇಳಿ ಬೆಳೆದ ಮಗುವಿಗೆ ಅದು ಬಂಡವಾಳವೆಂದು ತೋರಿಸುವ ಅವಕಾಶ ಇದು.

9. ತರಗತಿಯಲ್ಲಿ ಬಳಕೆ

ಆರಂಭದ ಪ್ರಶ್ನೆಗೆ ಈಗ ಮರಳೋಣ. ‘ಬನಿಯನ್’ ಕನ್ನಡ ಪದವಲ್ಲವೆಂದು ತೆಗೆದುಹಾಕಬೇಕೆ? ಹಾಗಾದರೆ ‘ಪೈಜಾಮ’, ‘ಶಾಲು’, ‘ಖಾಕಿ’ ಎಂಬ ಪರ್ಷಿಯನ್ ಮೂಲದ ಪದಗಳನ್ನೂ, ‘ಜುಬ್ಬ’ ಎಂಬ ಅರಬಿ ಮೂಲದ ಪದವನ್ನೂ, ‘ಷರಟು’ ಎಂಬ ಇಂಗ್ಲಿಷ್ ಪದವನ್ನೂ ತೆಗೆಯಬೇಕಾಗುತ್ತದೆ. ‘ಕುಪ್ಪಸ’ವೂ ಸಂಸ್ಕೃತದ ‘ಕೂರ್ಪಾಸ’ದಿಂದ ಬಂದುದು. ಉಡುಪು ಎಲ್ಲಿಂದ ಬಂದಿತೋ ಹೆಸರೂ ಅಲ್ಲಿಂದ ಬರುವುದು ಎಲ್ಲ ಭಾಷೆಗಳ ರೂಢಿ. ಪರಕೀಯವೆಂಬ ಕಾರಣದಿಂದ ಈ ಪದವನ್ನು ಹೊರಗಿಡುವುದು ಯುಕ್ತವಲ್ಲ.

ಇನ್ನು ಆಡುಮಾತೆಂಬ ಕಾರಣ. ಇಲ್ಲಿ ವಿವೇಕ ಬೇಕು. ಆಡುಮಾತು ತಪ್ಪು ಮಾತಲ್ಲ. ಅದಕ್ಕೆ ಅದರದೇ ಆದ ಸ್ಥಾನವಿದೆ. ಕುಟುಂಬದ ಕುರಿತ ಪ್ರಬಂಧ, ಗೆಳೆಯನಿಗೆ ಪತ್ರ, ಸಂಭಾಷಣೆ, ಕಥೆ – ಇವುಗಳಲ್ಲಿ ‘ಬನಿಯನ್’, ‘ಬನಿಯನ್ ಕಂಪನಿ’ ಎಂಬ ಪದಗಳನ್ನು ಹಾಗೆಯೇ ಉಳಿಸಬೇಕು. ಮನವಿ ಪತ್ರ, ವರದಿ, ಸಮಾಜವಿಜ್ಞಾನದ ಉತ್ತರ – ಇವುಗಳಲ್ಲಿ ‘ಹೆಣೆದ ಉಡುಪಿನ ಉದ್ಯಮ’ ಎಂಬಂತಹ ಪ್ರಯೋಗವನ್ನು ಕಲಿಸಬೇಕು. ಒಂದನ್ನು ಅಳಿಸಿ ಇನ್ನೊಂದನ್ನು ಬರೆಸುವುದಕ್ಕಿಂತ ಎರಡನ್ನೂ ಕೊಟ್ಟು ಆರಿಸಿಕೊಳ್ಳುವುದನ್ನು ಕಲಿಸುವುದು ಲೇಸು.

ತಂದೆತಾಯಿಯರ ದುಡಿಮೆಗೆ ಮಗು ಬಳಸಿದ ಹೆಸರನ್ನು ಕೆಂಪು ಶಾಯಿಯಿಂದ ಹೊಡೆದಾಗ, ಪದವಷ್ಟೇ ತಪ್ಪೆಂದು ಮಗು ಭಾವಿಸುವುದಿಲ್ಲ. ಮನೆಯಲ್ಲಿ ಆಡುವುದು ಶಾಲೆಗೆ ಸಲ್ಲದು, ಅಪ್ಪನ ಕೆಲಸವನ್ನು ಇದ್ದಂತೆ ಹೇಳಬಾರದು ಎಂದು ಅದು ಅರ್ಥ ಮಾಡಿಕೊಳ್ಳುತ್ತದೆ. ಮುಂದಿನ ಪ್ರಬಂಧದಲ್ಲಿ ಅದು ಪಠ್ಯಪುಸ್ತಕದ ವಾಕ್ಯಗಳನ್ನೇ ನಕಲು ಮಾಡುತ್ತದೆ. ಕನ್ನಡದಲ್ಲಿ ತನ್ನ ಬದುಕನ್ನು ಬರೆಯಲಾಗದು ಎಂದು ಒಮ್ಮೆ ನಂಬಿದ ಮಗುವನ್ನು ಕನ್ನಡದಲ್ಲಿ ಉಳಿಸಿಕೊಳ್ಳುವುದು ಕಷ್ಟ. ಅಲ್ಪಸಂಖ್ಯಾತ ಭಾಷೆಯ ಶಾಲೆಗೆ ಈ ನಷ್ಟವನ್ನು ತಾಳುವ ಶಕ್ತಿಯಿಲ್ಲ.

10. ಚಟುವಟಿಕೆಗಳು

(1) ಬಿಡಿಸಿ ನೋಡುವುದು: ಹಳೆಯ ಬನಿಯನ್ನಿನ ಒಂದು ತುಂಡನ್ನೂ ಹಳೆಯ ಪಂಚೆಯ ಒಂದು ತುಂಡನ್ನೂ ತರಿಸಿರಿ. ಪಂಚೆಯ ತುಂಡಿನ ಅಂಚಿನಿಂದ ಹಾಸು, ಹೊಕ್ಕುಗಳನ್ನು ಬೇರೆ ಬೇರೆ ಎಳೆದು ತೆಗೆಯಲಿ. ಬನಿಯನ್ನಿನ ತುಂಡನ್ನು ಎಳೆದು, ಅದರ ಅಂಚು ಸುರುಳಿಯಾಗುವುದನ್ನೂ ಕುಣಿಕೆಗಳನ್ನೂ ಗಮನಿಸಲಿ. ಕಂಡದ್ದನ್ನು ಐದು ವಾಕ್ಯಗಳಲ್ಲಿ ಬರೆಯಲಿ.

(2) ಪದಸಂಗ್ರಹ: ಮನೆಯಲ್ಲಿ ಉಡುಪಿಗೆ, ನೂಲಿಗೆ, ಹೊಲಿಗೆಗೆ ಬಳಸುವ ಹತ್ತು ಪದಗಳನ್ನು ಹಿರಿಯರಿಂದ ಕೇಳಿ ಬರೆದು ತರಲಿ. ಮನೆಯ ಪದ, ತಮಿಳು ಪದ, ಪುಸ್ತಕದ ಪದ ಎಂದು ಮೂರು ಸಾಲುಗಳನ್ನು ಮಾಡಿಸಿರಿ. ಮೂರನೆಯ ಸಾಲಿನಲ್ಲಿ ಸಿಗದ ಪದಗಳನ್ನು ಗುರುತಿಸಿರಿ. ನೇಕಾರರ ಮನೆಯ ಮಕ್ಕಳಿಂದ ಇಂತಹ ಪದಗಳು ಹೆಚ್ಚಾಗಿ ಬರುತ್ತವೆ.

(3) ಎರಡು ಬರಹ: ‘ತಿರುಪ್ಪೂರಿನಲ್ಲಿ ಒಂದು ದಿನ’ ಎಂಬ ವಿಷಯವನ್ನು ಗೆಳೆಯನಿಗೆ ಪತ್ರವಾಗಿಯೂ ಶಾಲಾ ಪ್ರವಾಸದ ವರದಿಯಾಗಿಯೂ ಬರೆಯಿಸಿರಿ. ಯಾವ ಪದಗಳು ಬದಲಾದವು, ಏಕೆ ಎಂದು ಚರ್ಚಿಸಿರಿ.

(4) ಊಹೆಯ ಪರೀಕ್ಷೆ: ಮಕ್ಕಳು ತಮ್ಮ ಊರಿನ ಹೆಸರಿಗೆ ತಾವು ಕೇಳಿದ ಅರ್ಥವನ್ನು ಹೇಳಲಿ. ಧ್ವನಿ, ವ್ಯಾಪ್ತಿ, ವಸ್ತು – ಈ ಮೂರು ಪರೀಕ್ಷೆಗಳಲ್ಲಿ ಆ ಅರ್ಥವು ನಿಲ್ಲುವುದೇ ಎಂದು ತರಗತಿಯೇ ನೋಡಲಿ.

11. ಶಿಕ್ಷಕರಿಗೆ ಸೂಚನೆ

‘ಬಣಜಿಗ’ ಎಂಬುದು ಇಂದು ಒಂದು ಸಮುದಾಯದ ಹೆಸರೂ ಆಗಿದೆ. ‘ಬನಿಯಾ’ ಎಂಬ ಪದವನ್ನು ಕೆಲವರು ಹೀನಾರ್ಥದಲ್ಲಿಯೂ ಬಳಸುತ್ತಾರೆ. ಪಾಠದಲ್ಲಿ ಈ ಪದಗಳನ್ನು ವೃತ್ತಿಸೂಚಕ ಪದಗಳಾಗಿ ಮಾತ್ರ ವಿವರಿಸಬೇಕು. ಮಕ್ಕಳ ಜಾತಿಯನ್ನಾಗಲಿ ತಂದೆತಾಯಿಯರ ಸಂಬಳವನ್ನಾಗಲಿ ಕೇಳುವ ಪ್ರಸಂಗ ಬರಬಾರದು. ಒಳಉಡುಪಿನ ಪದವೆಂದು ತರಗತಿಯಲ್ಲಿ ನಗು ಎದ್ದರೆ, ಗದರಿಸದೆ, ಈ ಪದದ ಇತಿಹಾಸದಿಂದಲೇ ಪಾಠವನ್ನು ಮುಂದುವರಿಸಬಹುದು.

12. ಅಭ್ಯಾಸ

(ಅ) ‘ಪನಿಯನ್’ ಎಂಬ ಬರಹಕ್ಕೆ ಕಾರಣವೇನು? ಅದನ್ನು ಮಗುವಿಗೆ ಹೇಗೆ ವಿವರಿಸುವಿರಿ?
(ಆ) ‘ಬನಿಯನ್’ ಪದದಲ್ಲಿ ಆಗಿರುವ ಅರ್ಥವಿಸ್ತಾರವನ್ನು ಎರಡು ಉದಾಹರಣೆಗಳೊಡನೆ ತಿಳಿಸಿರಿ.
(ಇ) ‘ಬನಿಯನ್’, ‘ಬಣಜಿಗ’ – ಇವುಗಳ ನಕಾರ ಣಕಾರಗಳು ಪದಗಳ ದಾರಿಯ ಬಗ್ಗೆ ಏನು ತಿಳಿಸುತ್ತವೆ?
(ಈ) ನಿಮ್ಮ ವಿದ್ಯಾರ್ಥಿಗಳ ಬರಹಗಳಲ್ಲಿ ನೀವು ಇತ್ತೀಚೆಗೆ ಹೊಡೆದುಹಾಕಿದ ಮೂರು ಆಡುಮಾತುಗಳನ್ನು ನೆನೆಯಿರಿ. ಅವುಗಳಲ್ಲಿ ಯಾವುದು ಕಾಗುಣಿತದ ತಪ್ಪು, ಯಾವುದು ಸ್ಥಾನದ ತಪ್ಪು, ಯಾವುದು ತಪ್ಪೇ ಅಲ್ಲ?

ಕೊನೆಯ ಪ್ರಶ್ನೆಗೆ ಉತ್ತರವನ್ನು ಶಿಕ್ಷಕರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಮುಂದಿನ ಪ್ರಬಂಧಗಳನ್ನು ತಿದ್ದುವ ಮೊದಲು ಒಮ್ಮೆ ಓದಿಕೊಳ್ಳುವುದು ಉಪಯುಕ್ತ. ‘ನನ್ನ ಅಪ್ಪ ಬನಿಯನ್ ಕಂಪನಿಯಲ್ಲಿ ಕೆಲಸ ಮಾಡುತ್ತಾರೆ’ ಎಂಬುದು ಒಂದು ಅಕ್ಷರವನ್ನು ತಿದ್ದಿದ ಮೇಲೆ ಸರಿಯಾದ ಕನ್ನಡ ವಾಕ್ಯ.